ಪಾಕೀಟಿನ ಹಿಂಬದಿಯ 471: ಆಹಾರದ ಸೇರಿಕೆಗಳು ಹಲಾಲ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ

ಬಿಸ್ಕತ್ತು, ಕೇಕು, ನೂಡಲ್ಸ್, ಐಸ್‌ಕ್ರೀಮು, ಯಾವುದರ ಪಾಕೀಟು ತಿರುಗಿಸಿದರೂ ಗೋಧಿ ಹಿಟ್ಟು, ಸಕ್ಕರೆ, ತಾಳೆ ಎಣ್ಣೆ ಎಂದು ಸಲೀಸಾಗಿ ಓದಿಕೊಂಡು ಹೋಗುವ ಕಣ್ಣು ‘ಎಮಲ್ಸಿಫೈಯರ್ (ಐಎನ್‌ಎಸ್ 322, 471)’ ಎಂಬಲ್ಲಿ ನಿಂತುಬಿಡುತ್ತದೆ. ಮಾಂಸವಾದರೆ ಯಾರ ಅಂಗಡಿಯದು, ಯಾರು ಝಬಹ್ (ಧರ್ಮದ ವಿಧಿಯಂತೆ ವಧೆ) ಮಾಡಿದ್ದು ಎಂದು ಕೇಳಿ ತಿಳಿಯಬಹುದು. 471 ಎಲ್ಲಿಂದ ಬಂತು ಎಂದು ಯಾರನ್ನು ಕೇಳುವುದು? ಹಲಾಲ್ ಪಾಲಿಸುವ ಮನೆಗಳಲ್ಲಿ ಈ ಪ್ರಶ್ನೆ ಮಕ್ಕಳ ತಿಂಡಿ ಡಬ್ಬಿಯಿಂದ ಹಿಡಿದು ಇಫ್ತಾರಿನ ಜ್ಯೂಸಿನವರೆಗೆ ದಿನವೂ ಏಳುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ವಾಟ್ಸಾಪಿನಿಂದ ಬರುತ್ತದೆ, ಬಂದ ಉತ್ತರ ಅನೇಕ ಸಲ ತಪ್ಪಾಗಿರುತ್ತದೆ.

ಮೊದಲು ಈ ಸಂಖ್ಯೆಗಳು ಏನೆಂದು ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಕೋಡೆಕ್ಸ್ ಆಯೋಗ ಆಹಾರಕ್ಕೆ ಸೇರಿಸುವ ಬಣ್ಣ, ಸಂರಕ್ಷಕ, ಮಂದಕಾರಕ, ರುಚಿವರ್ಧಕಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದೆ. ಅದೇ ಐಎನ್‌ಎಸ್, ಅಂದರೆ ಅಂತಾರಾಷ್ಟ್ರೀಯ ಸಂಖ್ಯಾ ಪದ್ಧತಿ. ಯುರೋಪಿನಲ್ಲಿ ಅನುಮತಿ ಪಡೆದವುಗಳ ಸಂಖ್ಯೆಗೆ ಮೊದಲು ‘ಇ’ ಅಕ್ಷರ ಇರುತ್ತದೆ, ಸಂಖ್ಯೆ ಬಹುಮಟ್ಟಿಗೆ ಒಂದೇ. 100ರ ಸಾಲಿನಲ್ಲಿ ಬಣ್ಣಗಳು, 200ರಲ್ಲಿ ಕೆಡದಂತೆ ಕಾಯುವವು, 400ರಲ್ಲಿ ಮಂದಗೊಳಿಸುವ, ಎಣ್ಣೆ-ನೀರು ಬೆರೆಸುವ (ಎಮಲ್ಸಿಫೈಯರ್) ವಸ್ತುಗಳು, 600ರಲ್ಲಿ ರುಚಿ ಹೆಚ್ಚಿಸುವವು. ಭಾಷೆ ಬೇರೆಯಾದರೂ ಯಾವ ದೇಶದ ಪಾಕೀಟನ್ನಾದರೂ ಓದಲು ಬರಲಿ ಎಂಬುದು ಇದರ ಉದ್ದೇಶ. ಧರ್ಮದ ಪ್ರಶ್ನೆಗೆ ಉತ್ತರಿಸಲು ಇದನ್ನು ಮಾಡಿದ್ದಲ್ಲ.

ಗೊಂದಲದ ಮೂಲ ಇಲ್ಲೇ ಇದೆ. ಸಂಖ್ಯೆ ವಸ್ತುವಿನ ಹೆಸರು ಹೇಳುತ್ತದೆ, ಊರು ಹೇಳುವುದಿಲ್ಲ. ಹಲಾಲ್ ನೋಡುವವರಿಗೆ ಬೇಕಾದದ್ದು ಹೆಚ್ಚಾಗಿ ಊರೇ: ಗಿಡದಿಂದ ಬಂತೋ, ಪ್ರಾಣಿಯಿಂದಲೋ, ಪ್ರಾಣಿಯಾದರೆ ಯಾವುದು, ಅದನ್ನು ಶರೀಅತ್ತಿನ ಪ್ರಕಾರ ಝಬಹ್ ಮಾಡಿತ್ತೇ.

ವರ್ಷಗಳಿಂದ ಫೋನಿಂದ ಫೋನಿಗೆ ಓಡಾಡುತ್ತಿರುವ ಒಂದು ಪಟ್ಟಿ ಇದೆ. ‘ಈ ಇ-ಕೋಡ್‌ಗಳಿರುವ ಎಲ್ಲದರಲ್ಲೂ ಹಂದಿ ಕೊಬ್ಬಿದೆ’ ಎಂದು ಶುರುವಾಗಿ ಉದ್ದಕ್ಕೂ ಸಂಖ್ಯೆಗಳನ್ನು ಸುರಿಯುತ್ತದೆ. ಅದರಲ್ಲಿ ಇ 100 ಇದೆ. ಇ 100 ಎಂದರೆ ಅರಿಶಿನದ ಹಳದಿ, ಕರ್ಕ್ಯುಮಿನ್. ಇ 140 ಇದೆ, ಅದು ಎಲೆಯ ಹಸಿರು. ಇ 440 ಕೂಡ ಇದೆ, ಅದು ಪೆಕ್ಟಿನ್. ಕಿತ್ತಳೆ, ನಿಂಬೆಯ ಸಿಪ್ಪೆಯಿಂದ, ಸೇಬಿನ ಹಿಂಡಿಯಿಂದ ತೆಗೆದು ಜಾಮಿಗೆ ಹಾಕುವ ವಸ್ತು. ಇಂಥ ಪಟ್ಟಿಯನ್ನು ಮುಂದಕ್ಕೆ ಕಳಿಸುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದರಿಂದ ಎರಡು ಕಡೆಯಿಂದ ನಷ್ಟ. ಅಲ್ಲಾಹ್ ಹಲಾಲ್ ಮಾಡಿದ್ದನ್ನು ಜನ ಬಿಡುತ್ತಾರೆ. ನಿಜವಾಗಿ ವಿಚಾರಿಸಬೇಕಾದದ್ದು ಪಟ್ಟಿಯಲ್ಲೇ ಇರುವುದಿಲ್ಲ. ಜಿಲೆಟಿನ್ನನ್ನೇ ನೋಡಿ: ಯುರೋಪಿನ ಕಾನೂನು ಅದನ್ನು ಸೇರಿಕೆ ಎಂದಲ್ಲ, ಆಹಾರ ಪದಾರ್ಥ ಎಂದೇ ಪರಿಗಣಿಸುವುದರಿಂದ ಅದಕ್ಕೆ ಇ-ಸಂಖ್ಯೆಯೇ ಇಲ್ಲ. ಇ-ಸಂಖ್ಯೆ ಮಾತ್ರ ಹುಡುಕುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಹಾಗಾದರೆ ಯಾವುದರ ಬಗ್ಗೆ ಚಿಂತೆ ಬೇಡ? ಬಹುಪಾಲು ಸಂಖ್ಯೆಗಳ ಬಗ್ಗೆ ಬೇಡ. 500 ಎಂದರೆ ಅಡುಗೆ ಸೋಡಾದ ಕುಟುಂಬ, 170 ಸುಣ್ಣದ ಕಲ್ಲು, 551 ಸಿಲಿಕಾ: ಎಲ್ಲ ಖನಿಜ. 406 ಕಡಲ ಪಾಚಿಯ ಅಗರ್, 412 ಗೋರಿಕಾಯಿ ಜಾತಿಯ ಬೀಜದ ಗೌರ್ ಅಂಟು, 414 ಜಾಲಿ ಜಾತಿಯ ಮರದ ಅಂಟು: ಎಲ್ಲ ಸಸ್ಯಜನ್ಯ. 330 ಸಿಟ್ರಿಕ್ ಆಮ್ಲ ಸಕ್ಕರೆ ಪಾಕದಲ್ಲಿ ಬೂಷ್ಟು ಬೆಳೆಸಿ ತೆಗೆಯುವಂಥದ್ದು. 202, 211 ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುವ ಸಂರಕ್ಷಕಗಳು. 322 ಲೆಸಿಥಿನ್ ಹೆಚ್ಚಾಗಿ ಸೋಯಾದ್ದು ಇಲ್ಲವೆ ಸೂರ್ಯಕಾಂತಿಯದು, ಕೆಲವೊಮ್ಮೆ ಮೊಟ್ಟೆಯದು. ಇವುಗಳ ಎದುರು ಮನಸ್ಸು ಅಳುಕಬೇಕಾಗಿಲ್ಲ. ಆರೋಗ್ಯದ ದೃಷ್ಟಿಯಿಂದ ಎಷ್ಟು ತಿನ್ನಬೇಕು ಎಂಬುದು ಬೇರೆಯದೇ ಪ್ರಶ್ನೆ, ಎರಡನ್ನೂ ಬೆರೆಸಬಾರದು.

471 ಮತ್ತು ಅದರ ಬಳಗ

ನಿಜವಾದ ತೊಡಕು ಕೊಬ್ಬಿನಿಂದ ಹುಟ್ಟುವ ಸೇರಿಕೆಗಳದ್ದು. ಯಾವುದೇ ಎಣ್ಣೆ ಅಥವಾ ಕೊಬ್ಬಿನ ಒಂದು ಕಣ ಎಂದರೆ ಒಂದು ಗ್ಲಿಸರಿನ್, ಅದಕ್ಕೆ ಅಂಟಿಕೊಂಡ ಮೂರು ಕೊಬ್ಬಿನಾಮ್ಲಗಳು. ಮೂರರ ಬದಲು ಒಂದೋ ಎರಡೋ ಉಳಿಯುವಂತೆ ಮಾಡಿದರೆ ಸಿಗುವುದು ಮೋನೋ ಮತ್ತು ಡೈಗ್ಲಿಸರೈಡ್, ಅಂದರೆ 471. ಅದರ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ತುದಿ ಎಣ್ಣೆಗೆ. ಹಾಗಾಗಿ ಬ್ರೆಡ್ಡು ದಿನಗಟ್ಟಲೆ ಮೆತ್ತಗಿರುತ್ತದೆ, ಐಸ್‌ಕ್ರೀಮು ನುಣ್ಣಗಿರುತ್ತದೆ, ಕೇಕಿನ ಕ್ರೀಮು ಒಡೆಯುವುದಿಲ್ಲ. ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವುದರಿಂದಲೇ ಬೇಕರಿ ಉದ್ಯಮ ಅದನ್ನು ಬಿಡುವುದಿಲ್ಲ.

ಕಚ್ಚಾ ಕೊಬ್ಬು ತಾಳೆ ಎಣ್ಣೆಯಾಗಬಹುದು, ಸೋಯಾ ಆಗಬಹುದು, ದನದ ಕೊಬ್ಬು ಅಥವಾ ಹಂದಿಯ ಕೊಬ್ಬೂ ಆಗಬಹುದು. ಸ್ಟಿಯರಿಕ್ ಆಮ್ಲ ತಾಳೆಯಿಂದ ಬಂದರೂ ಹಂದಿಯಿಂದ ಬಂದರೂ ಅದೇ ಹದಿನೆಂಟು ಇಂಗಾಲದ ಸರಪಣಿ. ಹಂದಿ ಮಾಂಸ ಬೆರೆತಿದೆಯೇ ಎಂದು ಡಿಎನ್‌ಎ ಪರೀಕ್ಷೆಯಿಂದ ಕಂಡುಹಿಡಿಯಬಹುದು. ಜಿಲೆಟಿನ್ನಿನಲ್ಲಿ ಡಿಎನ್‌ಎ ಬಹಳ ನಾಶವಾಗಿದ್ದರೂ ಪ್ರೋಟೀನಿನ ತುಣುಕುಗಳಿಂದ ಪ್ರಾಣಿಯನ್ನು ಗುರುತಿಸುವ ವಿಧಾನಗಳಿವೆ. ಆದರೆ ಶುದ್ಧೀಕರಿಸಿದ 471ರಲ್ಲಿ ಡಿಎನ್‌ಎಯೂ ಇಲ್ಲ, ಪ್ರೋಟೀನೂ ಇಲ್ಲ. ಸಿದ್ಧವಾದ ಬಿಸ್ಕತ್ತನ್ನು ಪ್ರಯೋಗಾಲಯಕ್ಕೆ ಕೊಟ್ಟು ಇದರ 471 ಎಲ್ಲಿಯದು ಎಂದು ಕೇಳಿದರೆ ನಂಬುವಂಥ ಉತ್ತರ ಸಿಗುವುದು ಕಷ್ಟ. ಕಾರ್ಖಾನೆಯ ಖರೀದಿ ಕಾಗದ, ಪೂರೈಕೆದಾರರ ದಾಖಲೆ, ಅದನ್ನು ಹೋಗಿ ನೋಡಿ ಬಂದವರ ಮಾತು, ಇವೇ ಸಾಕ್ಷಿ. ಮೊಬೈಲಿನ ಹಲಾಲ್ ಆಪ್‌ಗಳು 471 ಕಂಡೊಡನೆ ‘ಮಶ್‌ಬೂಹ್’, ಅಂದರೆ ಸಂದೇಹಾಸ್ಪದ, ಎಂದು ತೋರಿಸುವುದು ಇದಕ್ಕೇ. ಅವುಗಳ ಬಳಿ ಇರುವುದು ಸಂಖ್ಯೆ ಮಾತ್ರ.

ಇದೇ ಬಳಗಕ್ಕೆ ಸೇರಿದವು 470, 472ರ ಎ, ಬಿ, ಸಿ ಮೊದಲಾದ ವಿಧಗಳು, 475, 477, 481, 482, 491ರಿಂದ 495, 432ರಿಂದ 436, ಮತ್ತು 422 ಗ್ಲಿಸರಿನ್, 570 ಸ್ಟಿಯರಿಕ್ ಆಮ್ಲ. ಎಲ್ಲಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಕೊಬ್ಬಿನಾಮ್ಲದ ಮೂಲ ಯಾವುದು? ಚಾಕೊಲೇಟಿನಲ್ಲಿ ಕಾಣುವ 476 ಸಾಮಾನ್ಯವಾಗಿ ಹರಳೆಣ್ಣೆಯ ಕೊಬ್ಬಿನಾಮ್ಲದಿಂದ ಆಗುವುದರಿಂದ ಅದರ ಬಗ್ಗೆ ಕಳವಳ ಕಡಿಮೆ.

ಹಸಿರು ಚುಕ್ಕೆ ಎಲ್ಲಿಯವರೆಗೆ ಕೈ ಹಿಡಿಯುತ್ತದೆ

ಯುರೋಪಿನಲ್ಲೋ ಅಮೆರಿಕದಲ್ಲೋ ಇರುವ ಮುಸ್ಲಿಮರಿಗಿಲ್ಲದ ಒಂದು ಅನುಕೂಲ ಭಾರತದಲ್ಲಿರುವ ನಮಗಿದೆ, ಅದನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ ಎಂದೇ ನನ್ನ ಅನಿಸಿಕೆ. 2001ರಿಂದ ಇಲ್ಲಿ ಪ್ಯಾಕ್ ಮಾಡಿದ ಆಹಾರದ ಮೇಲೆ ಸಸ್ಯಾಹಾರ, ಮಾಂಸಾಹಾರದ ಗುರುತು ಕಡ್ಡಾಯ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ. ಮಾಂಸಾಹಾರಕ್ಕೂ ಮೊದಲು ಕಂದು ಚುಕ್ಕೆಯೇ ಇತ್ತು. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದರಿಂದ 2020ರ ಲೇಬಲ್ ನಿಯಮದಲ್ಲಿ ಅದನ್ನು ಕಂದು ತ್ರಿಕೋನ ಮಾಡಿದರು. ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇಂಥ ಕೆಲವನ್ನು ಬಿಟ್ಟು ಪ್ರಾಣಿಮೂಲದ ಯಾವ ಪದಾರ್ಥ ಸೇರಿದರೂ ಹಸಿರು ಚುಕ್ಕೆ ಹಾಕುವಂತಿಲ್ಲ.

ಇದರ ಅರ್ಥ ಸರಳ. ಹಸಿರು ಚುಕ್ಕೆಯ ಬಿಸ್ಕತ್ತಿನಲ್ಲಿರುವ 471 ಕಾನೂನಿನ ಪ್ರಕಾರ ಸಸ್ಯಮೂಲದ್ದೇ ಆಗಿರಬೇಕು. ಹಸಿರು ಚುಕ್ಕೆಯ ನೂಡಲ್ಸಿನ ಮಸಾಲೆಯಲ್ಲಿರುವ ರುಚಿವರ್ಧಕಗಳಾದ 627, 631, 635 ಮೀನಿನದ್ದೋ ಮಾಂಸದ್ದೋ ಆಗಿರುವಂತಿಲ್ಲ. ಸಂಖ್ಯೆ ಹೇಳದ ಊರನ್ನು ಚುಕ್ಕೆ ಅರ್ಧದಷ್ಟಾದರೂ ಹೇಳುತ್ತದೆ.

ಈ ವಿಷಯ ನ್ಯಾಯಾಲಯಕ್ಕೂ ಹೋಗಿದೆ. ರಾಮ್ ಗೌ ರಕ್ಷಾ ದಳ ಎಂಬ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಗಿ, ಕೋಡ್ ಸಂಖ್ಯೆಯ ಮರೆಯಲ್ಲಿ ಪ್ರಾಣಿಮೂಲ ಅಡಗಿರಬಹುದು, ಗ್ರಾಹಕರಿಗೆ ತಿಳಿಯುವುದು ಹೇಗೆ ಎಂದು ಕೇಳಿತ್ತು. ಪ್ರತಿ ಪದಾರ್ಥದ ಕೋಡ್ ಜೊತೆಗೆ ಅದು ಸಸ್ಯದ್ದೋ, ಪ್ರಾಣಿಯದ್ದೋ, ಪ್ರಯೋಗಾಲಯದ್ದೋ ಎಂಬುದನ್ನೂ ತಿಳಿಸಬೇಕು ಎಂದು 2021ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಪ್ರಾಣಿಮೂಲದ ಅಂಶ ಶೇಕಡಾ ಎಷ್ಟೇ ಕಡಿಮೆ ಇರಲಿ, ಅದು ಸೇರಿದರೆ ಆ ಆಹಾರ ಮಾಂಸಾಹಾರವೇ ಎಂದಿತು. ಉದಾಹರಣೆಗೆ ಎತ್ತಿಕೊಂಡದ್ದು 631, ಡೈಸೋಡಿಯಂ ಇನೋಸಿನೇಟ್. ಗೋರಕ್ಷಣೆಯ ಸಂಸ್ಥೆಯೊಂದು ಕೇಳಿದ ಪ್ರಶ್ನೆ ಮತ್ತು ಮುಸ್ಲಿಂ ತಾಯಿಯೊಬ್ಬಳು ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ ಅಕ್ಷರಶಃ ಒಂದೇ. ಜೈನರು, ಲಿಂಗಾಯತರು, ಸಸ್ಯಾಹಾರಿಗಳೆಲ್ಲರೂ ಕೇಳುವುದೂ ಇದನ್ನೇ.

ಆದರೆ ಚುಕ್ಕೆಗೆ ಮಿತಿಗಳಿವೆ. ಮೊದಲನೆಯದು ಮದ್ಯಸಾರ. ಪರಿಮಳದ ದ್ರಾವಕವಾಗಿ ಆಲ್ಕೋಹಾಲ್ ಬಳಸಿದ್ದರೂ ಹಸಿರು ಚುಕ್ಕೆ ಇರಬಹುದು, ಏಕೆಂದರೆ ಅದು ಪ್ರಾಣಿಯದ್ದಲ್ಲ. ಎರಡನೆಯದು ಕಂದು ತ್ರಿಕೋನ ಇರುವಲ್ಲಿ ಎದುರಾಗುತ್ತದೆ. ಮೊಟ್ಟೆ ಹಾಕಿದ ಕೇಕಿಗೆ ಮೊಟ್ಟೆಯ ಕಾರಣಕ್ಕೇ ಕಂದು ಗುರುತು ಬೀಳುತ್ತದೆ. ಅದೇ ಕೇಕಿನೊಳಗಿನ 471 ಗಿಡದ್ದೋ ಪ್ರಾಣಿಯದ್ದೋ ಎಂದು ಗುರುತಿನಿಂದ ತಿಳಿಯುವುದಿಲ್ಲ. ಮೊಟ್ಟೆ ಹಲಾಲ್ ಎಂದುಕೊಂಡು ಉಳಿದದ್ದನ್ನು ಓದದೆ ಬಿಡುವವರು ಇದನ್ನು ಗಮನಿಸಬೇಕು. ಮೂರನೆಯದು ವಿದೇಶದಿಂದ ಸೂಟ್‌ಕೇಸಿನಲ್ಲಿ ಬರುವ ಚಾಕೊಲೇಟು, ಮಿಠಾಯಿ. ಅವುಗಳ ಮೇಲೆ ಯಾವ ಚುಕ್ಕೆಯೂ ಇರುವುದಿಲ್ಲ. ಭಟ್ಕಳ, ಮಂಗಳೂರು, ಉಡುಪಿಯ ಮನೆಗಳಿಗೆ ಗಲ್ಫಿನಿಂದ ಬರುವ ಮಾಲು ಸಾಮಾನ್ಯವಾಗಿ ಆಯಾ ದೇಶದ ಹಲಾಲ್ ನಿಯಮಕ್ಕೆ ಒಳಪಟ್ಟು ಬಂದಿರುತ್ತದೆ, ಯುರೋಪಿನ ವಿಮಾನ ನಿಲ್ದಾಣದಲ್ಲಿ ಕೊಂಡದ್ದಕ್ಕೆ ಆ ಭರವಸೆ ಇಲ್ಲ. ಬ್ರಾಂಡು ಒಂದೇ ಎಂಬುದೂ ಸಾಲದು. ಹರಿಬೊ ಕಂಪನಿಯ ಜರ್ಮನಿಯ ಗಮ್ಮಿಗಳಲ್ಲಿ ಹೆಚ್ಚಾಗಿ ಹಂದಿಯ ಜಿಲೆಟಿನ್ ಇರುತ್ತದೆ, ಅದೇ ಕಂಪನಿ ಟರ್ಕಿಯಲ್ಲಿ ಮಾಡುವ ಹಲಾಲ್ ಗಮ್ಮಿಗಳಲ್ಲಿ ದನದ ಜಿಲೆಟಿನ್. ಹಾಗಾಗಿ ‘ತಯಾರಾದ ಸ್ಥಳ’ ಎಂಬ ಸಾಲನ್ನೂ ಓದಬೇಕು.

ಕೊನೆಯ ವಸ್ತುವೋ, ಬಂದ ದಾರಿಯೋ

ಅಜಿನೋಮೋಟೋ ಎಂದರೆ ನಮ್ಮಲ್ಲಿ ಚೈನೀಸ್ ಅಂಗಡಿಯ ಬಿಳಿ ಹರಳು, 621. ಕಬ್ಬಿನ ಕಾಕಂಬಿ ಅಥವಾ ಮರಗೆಣಸಿನ ಸಕ್ಕರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುವ ಈ ವಸ್ತುವಿನಲ್ಲಿ ಹಂದಿಗೆ ಜಾಗವೇ ಇಲ್ಲ ಎನಿಸುತ್ತದೆ. ಆದರೂ ಇಂಡೋನೇಷ್ಯಾದಲ್ಲಿ 2000ದ ಕೊನೆಗೆ ಅಲ್ಲಿನ ಉಲಮಾ (ಧರ್ಮವಿದ್ವಾಂಸರ) ಮಂಡಳಿ ಎಂಯುಐ ಅಜಿನೋಮೋಟೋ ಕಂಪನಿಯ ಎಂಎಸ್‌ಜಿಯನ್ನು, ಅಂದರೆ ಇದೇ 621ನ್ನು, ಹರಾಮ್ (ನಿಷಿದ್ಧ) ಎಂದು ಘೋಷಿಸಿತು. ಕಾರಣ ಇಷ್ಟು: ಬ್ಯಾಕ್ಟೀರಿಯಾವನ್ನು ಸಾಕಿ ಇಡುವ ಪೋಷಕ ದ್ರವಕ್ಕೆ ಕಂಪನಿ ಹೊಸದೊಂದು ಸೋಯಾ ಪದಾರ್ಥ ಬಳಸತೊಡಗಿತ್ತು. ಆ ಸೋಯಾ ಪ್ರೋಟೀನನ್ನು ಒಡೆಯಲು ಬಳಸಿದ ಕಿಣ್ವ ಹಂದಿಯ ಮೇದೋಜೀರಕ ಗ್ರಂಥಿಯದು. 2001ರ ಜನವರಿಯಲ್ಲಿ ಅಂಗಡಿಗಳಿಂದ ಮಾಲು ವಾಪಸಾಯಿತು, ಅಧಿಕಾರಿಗಳ ಬಂಧನವಾಯಿತು. ಸ್ವತಃ ಧರ್ಮವಿದ್ವಾಂಸರಾಗಿದ್ದ ಆಗಿನ ಅಧ್ಯಕ್ಷ ಅಬ್ದುರ್‌ರಹ್ಮಾನ್ ವಾಹಿದ್ ಅವರು ಕೊನೆಯ ವಸ್ತುವಿನಲ್ಲಿ ಹಂದಿಯ ಅಂಶವಿಲ್ಲ, ಅದು ಹಲಾಲ್ ಎಂದರು. ಮಂಡಳಿ ಒಪ್ಪಲಿಲ್ಲ. ತಯಾರಿಯ ಯಾವ ಹಂತದಲ್ಲೂ ಹಂದಿಯಿಂದ ಉಪಯೋಗ ಪಡೆಯಬಾರದು ಎಂಬುದು ಅದರ ನಿಲುವು. ಕಂಪನಿ ಪೋಷಕ ದ್ರವವನ್ನು ಬದಲಿಸಿದ ಮೇಲೆ ಮತ್ತೆ ಹಲಾಲ್ ಪ್ರಮಾಣಪತ್ರ ಸಿಕ್ಕಿತು.

ಇಬ್ಬರೂ ಒಂದೇ ದೇಶದ ಮುಸ್ಲಿಂ ವಿದ್ವಾಂಸರು, ಪ್ರಯೋಗಾಲಯದ ಸಂಗತಿಯ ಬಗ್ಗೆ ತಕರಾರಿರಲಿಲ್ಲ, ತೀರ್ಪು ಮಾತ್ರ ಬೇರೆ. ಇದರ ಬೇರು ಫಿಖ್‌ಹ್‌ನ (ಇಸ್ಲಾಮೀ ಧರ್ಮಶಾಸ್ತ್ರದ) ‘ಇಸ್ತಿಹಾಲ’ ಎಂಬ ಹಳೆಯ ಚರ್ಚೆಯಲ್ಲಿದೆ. ಒಂದು ವಸ್ತು ತನ್ನ ಗುಣ, ಸ್ವರೂಪ ಎಲ್ಲ ಕಳೆದುಕೊಂಡು ಇನ್ನೊಂದೇ ವಸ್ತುವಾದರೆ ಅದರ ಹುಕುಮ್ (ಧಾರ್ಮಿಕ ತೀರ್ಪು) ಕೂಡ ಬದಲಾಗುತ್ತದೆಯೇ? ಮದ್ಯ ತಾನಾಗಿ ವಿನೆಗರ್ ಆದರೆ ಹಲಾಲ್ ಎಂಬುದರಲ್ಲಿ ಎಲ್ಲರೂ ಒಮ್ಮತ. ಅದರಾಚೆಗೆ ಹನಫಿ ಮತ್ತು ಮಾಲಿಕಿ ಮದ್‌ಹಬ್‌ಗಳ, ಅಂದರೆ ಧರ್ಮಶಾಸ್ತ್ರದ ಪಂಥಗಳ, ವಿದ್ವಾಂಸರು ಈ ತತ್ವವನ್ನು ವಿಸ್ತರಿಸುತ್ತಾರೆ. ಶಾಫಿ ಮದ್‌ಹಬ್ ಅದನ್ನು ವಿನೆಗರ್, ಹದಮಾಡಿದ ಚರ್ಮದಂಥ ಕೆಲವಕ್ಕಷ್ಟೇ ಸೀಮಿತಗೊಳಿಸುತ್ತದೆ.

ಕರ್ನಾಟಕದಲ್ಲಿ ಇದು ದೂರದ ಚರ್ಚೆಯಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಘಟ್ಟದ ಮೇಲೆ ಮೈಸೂರು, ಬೆಂಗಳೂರು, ಕಲಬುರಗಿ ಕಡೆಯವರು ಬಹುಪಾಲು ಹನಫಿಗಳು. ಸಿಗಡಿಯ ವಿಚಾರದಲ್ಲೇ ಎರಡು ಕಡೆಯ ಮಾತು ಒಂದಾಗುವುದಿಲ್ಲ. ಹಾಗಿರುವಾಗ ಜಿಲೆಟಿನ್ ಬಗ್ಗೆ ಮಂಗಳೂರಿನ ಉಸ್ತಾದರು ಒಂದು ಹೇಳಿ, ಬೆಂಗಳೂರಿನ ಮುಫ್ತಿ ಸಾಹೇಬರು ಇನ್ನೊಂದು ಹೇಳಿದರೆ ಇಬ್ಬರಲ್ಲೊಬ್ಬರು ಅರಿಯದೆ ಹೇಳಿದರು ಎಂದುಕೊಳ್ಳಬೇಕಾಗಿಲ್ಲ. ತನ್ನ ಮದ್‌ಹಬ್‌ನ ವಿದ್ವಾಂಸರಲ್ಲಿ ಕೇಳುವುದು ಸರಿ. ಒಂದು ತಿಂಡಿಗೆ ಒಂದು ಮದ್‌ಹಬ್, ಇನ್ನೊಂದಕ್ಕೆ ಮತ್ತೊಂದು ಎಂದು ಅನುಕೂಲ ನೋಡಿ ಆರಿಸುವುದು ಸರಿಯಲ್ಲ.

ಜಿಲೆಟಿನ್ ಈ ಚರ್ಚೆಯ ಅತಿ ಕಠಿಣ ಭಾಗ. ಪ್ರಾಣಿಯ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ನನ್ನು ಆಮ್ಲ ಅಥವಾ ಸುಣ್ಣದಲ್ಲಿ ನೆನೆಸಿ, ಬಿಸಿನೀರಿನಲ್ಲಿ ಬಸಿದು ತೆಗೆಯುತ್ತಾರೆ. ಮಾರ್ಶ್‌ಮ್ಯಾಲೋ, ಗಮ್ಮಿ, ಕೆಲವು ಮೊಸರು, ಕೆಲವು ಸಿಹಿತಿಂಡಿ, ಔಷಧದ ಕ್ಯಾಪ್ಸೂಲ್, ಎಲ್ಲೆಲ್ಲೂ ಅದು. ಇದು ಪೂರ್ಣ ಪರಿವರ್ತನೆಯೇ? ಕುವೈತಿನಲ್ಲಿ 1995ರಲ್ಲಿ ಸೇರಿದ ಇಸ್ಲಾಮೀ ವೈದ್ಯಕೀಯ ಸಂಸ್ಥೆಯ ಗೋಷ್ಠಿ ಹೌದು ಎಂಬ ಕಡೆಗೆ ಒಲಿಯಿತು. ಅದಕ್ಕೂ ಮುಂಚೆ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಖ್‌ಹ್ ಅಕಾಡೆಮಿ ಹಂದಿಯ ಜಿಲೆಟಿನ್ ಆಹಾರಕ್ಕೆ ಸಲ್ಲದು, ಸಸ್ಯದಿಂದ ಅಥವಾ ಶರೀಅತ್ತಿನಂತೆ ಝಬಹ್ ಮಾಡಿದ ಪ್ರಾಣಿಯಿಂದ ಸಿಗುವುದೇ ಸಾಕು ಎಂದಿತ್ತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳು ನಡೆಯುವುದು ಈ ಎರಡನೆಯ ದಾರಿಯಲ್ಲಿ. ಹಂದಿಯದ್ದನ್ನು ಬಿಡುವುದರಲ್ಲಿ ನನಗೂ ಸಂದೇಹವಿಲ್ಲ. ಪೆಕ್ಟಿನ್, ಅಗರ್, ಮೀನಿನ ಜಿಲೆಟಿನ್ ಇರುವಾಗ ಮಿಠಾಯಿಗಾಗಿ ಅಷ್ಟು ದೂರ ಹೋಗುವ ಅಗತ್ಯವೇನು? ದನದ ಜಿಲೆಟಿನ್ ಎಂದರೆ ತಾನಾಗಿ ಹಲಾಲ್ ಎಂದೂ ಅಲ್ಲ. ಝಬಹ್ ಆಗದ ದನದ ಚರ್ಮ, ಮೂಳೆ ಕೂಡ ಕಾರ್ಖಾನೆಗೆ ಬರುತ್ತದೆ. ಹಂದಿಯ ಹೊರತು ಸತ್ತ ಪ್ರಾಣಿಯ ಒಣ ಮೂಳೆ ಶುದ್ಧ ಎಂಬ ಹನಫಿ ಅಭಿಪ್ರಾಯದಿಂದ ಕೆಲವರು ಇಲ್ಲಿ ಸಡಿಲಿಕೆ ಕೊಡುತ್ತಾರೆ, ಶಾಫಿಗಳಲ್ಲಿ ಅದು ಇಲ್ಲ. ಕಾಯಿಲೆಗೆ ತೆಗೆದುಕೊಳ್ಳುವ ಕ್ಯಾಪ್ಸೂಲಿನ ಮಾತು ಬೇರೆ. ಅಲ್ಲಿ ಅನಿವಾರ್ಯತೆಯ ನಿಯಮವಿದೆ. ಸಂದೇಹದಿಂದ ಔಷಧ ಬಿಡುವ ಮೊದಲು ವೈದ್ಯರನ್ನೂ ಆಲಿಮರನ್ನೂ (ಧರ್ಮವಿದ್ವಾಂಸರನ್ನೂ) ಕೇಳಲೇಬೇಕು.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸಬಹುದು. 120 ಕಾರ್ಮೈನ್, ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ. ಪೆರು ದೇಶ ಅದರ ದೊಡ್ಡ ಉತ್ಪಾದಕ. ಕೀಟ ತಿನ್ನುವುದನ್ನು ಹನಫಿ, ಶಾಫಿ ಮದ್‌ಹಬ್‌ಗಳು ಒಪ್ಪುವುದಿಲ್ಲ, ಮಾಲಿಕಿಗಳಲ್ಲಿ ಅವಕಾಶವಿದೆ. ಇಂಡೋನೇಷ್ಯಾದ ಎಂಯುಐ 2011ರ ಫತ್ವಾದಲ್ಲಿ ಇದನ್ನು ಹಲಾಲ್ ಎಂದಿರುವುದರಿಂದ ಅಲ್ಲಿನ ಲೋಗೋ ಇರುವ ಮಾಲಿನಲ್ಲಿ 120 ಕಂಡರೆ ಆಶ್ಚರ್ಯಪಡಬೇಡಿ. 904 ಎಂದರೆ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗಿನಿಂದ ಮಾಡಿದ್ದು, ಮಿಠಾಯಿಯ ಹೊದಿಕೆಗೂ ಬರುತ್ತದೆ. ಅದು ಕೀಟದ ದೇಹವಲ್ಲ, ಜೇನಿನಂತೆ ಅದರ ಸ್ರಾವ ಎಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. 920 ಎಲ್-ಸಿಸ್ಟೀನ್ ಬ್ರೆಡ್ಡಿನ ಹಿಟ್ಟು ಮೆತ್ತಗಾಗಲು ಹಾಕುವಂಥದ್ದು. ಬಾತುಕೋಳಿಯ ಗರಿ, ಹಂದಿಯ ಬಿರುಗೂದಲು, ಮನುಷ್ಯರ ಕೂದಲಿನಿಂದಲೂ ತೆಗೆಯಬಹುದು. ಮನುಷ್ಯರ ಕೂದಲನ್ನು ಯುರೋಪು ಆಹಾರಕ್ಕೆ ನಿಷೇಧಿಸಿದೆ. ಈಗ ಸೂಕ್ಷ್ಮಜೀವಿಗಳಿಂದ ಹುದುಗಿಸಿ ತೆಗೆದದ್ದೂ ಸಿಗುತ್ತದೆ, ಕೇಳಬೇಕಾದದ್ದು ಅದನ್ನೇ.

ಮದ್ಯಸಾರದ ವಿಷಯದಲ್ಲಿ ‘ಹೆಚ್ಚು ಕುಡಿದರೆ ಅಮಲೇರಿಸುವಂಥದ್ದರ ಸ್ವಲ್ಪವೂ ಹರಾಮ್’ ಎಂಬ ಹದೀಸ್ (ಪ್ರವಾದಿವಚನ) ಎಲ್ಲರಿಗೂ ಗೊತ್ತು. ವೆನಿಲ್ಲಾ ಎಕ್ಸ್‌ಟ್ರ್ಯಾಕ್ಟ್ ಎಂದು ಅಮೆರಿಕದಲ್ಲಿ ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ 35 ಆಲ್ಕೋಹಾಲ್ ಇರಲೇಬೇಕು ಎಂದು ಅಲ್ಲಿನ ನಿಯಮ. ಅದರ ನಾಲ್ಕು ಹನಿ ಕೇಕಿನಲ್ಲಿ ಬೆಂದ ಮೇಲೆ? ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿ 2011ರಲ್ಲಿ, ಮದ್ಯ ತಯಾರಿಯಿಂದ ಬಂದದ್ದಲ್ಲದ ಆಲ್ಕೋಹಾಲ್ ಪರಿಮಳ, ಬಣ್ಣಗಳ ಜೊತೆ ಬಂದು ಕೊನೆಯ ಆಹಾರದಲ್ಲಿ ಶೇ 0.5 ಮೀರದಿದ್ದರೆ ಸಲ್ಲುತ್ತದೆ ಎಂದಿತು. ದ್ರಾಕ್ಷಿ, ಖರ್ಜೂರದಿಂದ ಆಗದ ಆಲ್ಕೋಹಾಲಿಗೆ ಪರಿಮಳದ ಮಟ್ಟಿಗೆ ಸಡಿಲಿಕೆ ಕೊಡುವ ಹನಫಿ ಮುಫ್ತಿಗಳೂ ಇದ್ದಾರೆ. ಮನೆಯಲ್ಲಿ ಬೇಕ್ ಮಾಡುವವರಿಗೆ ಈ ತಲೆನೋವೇ ಬೇಡ: ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಮಾಡಿದ ಎಸೆನ್ಸ್, ವೆನಿಲ್ಲಾ ಪುಡಿ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ರಮ್ ಹಾಕಿದ ಪ್ಲಮ್ ಕೇಕಿಗೆ ಈ ಯಾವ ಸಡಿಲಿಕೆಯೂ ಅನ್ವಯಿಸದು.

ಪಾಕೀಟಿನಲ್ಲಿ ಬರೆಯದೇ ಇರುವವೂ ಇವೆ. ತಯಾರಿಯಲ್ಲಿ ಬಳಸಿ ಮತ್ತೆ ತೆಗೆದುಹಾಕುವ ಸಹಾಯಕ ವಸ್ತುಗಳನ್ನು ಲೇಬಲ್ಲಿನಲ್ಲಿ ನಮೂದಿಸಬೇಕಾಗಿಲ್ಲ. ಕೆಲವು ದೇಶಗಳಲ್ಲಿ ಸೇಬಿನ ರಸವನ್ನು ತಿಳಿಯಾಗಿಸಲು ಜಿಲೆಟಿನ್ ಬಳಸುತ್ತಾರೆ. ಅಮೆರಿಕದ ಕೆಲವು ಸಕ್ಕರೆ ಶುದ್ಧೀಕರಣ ಘಟಕಗಳಲ್ಲಿ ದನದ ಮೂಳೆಯ ಇದ್ದಿಲು ಬಳಸುತ್ತಾರೆ. ಮಂಡ್ಯದ ಕಡೆಯ ನಮ್ಮ ಕಾರ್ಖಾನೆಗಳಂಥಲ್ಲಿ ಸುಣ್ಣ, ಗಂಧಕದ ಹೊಗೆಯಿಂದ ಬಿಳುಪು ಮಾಡುವ ಪದ್ಧತಿ ಇರುವುದರಿಂದ ಅಂಥ ಸಕ್ಕರೆಗೆ ಆ ಸಂಶಯವಿಲ್ಲ. ಪುಡಿಯಾಗಿ ಸೇರಿಸುವ ಬೀಟಾ ಕ್ಯಾರೊಟೀನ್ ಬಣ್ಣ, ವಿಟಮಿನ್ ಎ ಕಣಗಳ ಸುತ್ತ ಜಿಲೆಟಿನ್ ಪೊರೆ ಇರಬಹುದು. ಚೀಸ್ ಪುಡಿ ಹಾಕಿದ ವಿದೇಶಿ ಚಿಪ್ಸಿನ ಚೀಸು ಕರುವಿನ ಹೊಟ್ಟೆಯ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿದ್ದಿರಬಹುದು. ಇಟಲಿಯ ಪಾರ್ಮಿಜಾನೊ ಚೀಸಿಗಂತೂ ಕರುವಿನ ರೆನೆಟ್ಟೇ ನಿಯಮ. ಆದರೆ ರೆನೆಟ್ ವಿಚಾರದಲ್ಲಿ ಇಮಾಮ್ ಅಬೂ ಹನೀಫಾ ಅವರ ಕಾಲದಿಂದಲೇ ಸೌಮ್ಯ ಅಭಿಪ್ರಾಯವೂ ಇದೆ. ಮಜೂಸಿಗಳು (ಅಗ್ನಿಪೂಜಕರು) ಮಾಡಿದ ಚೀಸನ್ನು ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ತಿಂದ ವೃತ್ತಾಂತವನ್ನು ಅದಕ್ಕೆ ಆಧಾರ ಕೊಡುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಯಾವುದನ್ನೂ ತಿನ್ನಲು ಧೈರ್ಯವಾಗದು ಎನಿಸಿದರೆ ಅದು ನಾನು ಬಯಸಿದ ಪರಿಣಾಮವಲ್ಲ. ನುಅಮಾನ್ ಬಿನ್ ಬಶೀರ್ ಅವರು ವರದಿ ಮಾಡಿದ ಹದೀಸಿನಲ್ಲಿ ಹಲಾಲ್ ಸ್ಪಷ್ಟವಿದೆ, ಹರಾಮ್ ಸ್ಪಷ್ಟವಿದೆ, ನಡುವೆ ಸಂದೇಹದವು ಇವೆ, ಅವುಗಳಿಂದ ದೂರವಿದ್ದವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡ ಎಂದಿದೆ. ಆಯಿಶಾ (ರ) ಅವರ ಇನ್ನೊಂದು ವರದಿಯೂ ಬುಖಾರಿ ಹದೀಸ್ ಸಂಗ್ರಹದಲ್ಲೇ ಇದೆ. ಹೊಸದಾಗಿ ಇಸ್ಲಾಂ ಸ್ವೀಕರಿಸಿದವರು ಮಾಂಸ ತಂದುಕೊಡುತ್ತಾರೆ, ಅಲ್ಲಾಹನ ಹೆಸರು ಹೇಳಿದ್ದರೋ ಇಲ್ಲವೋ ತಿಳಿಯದು ಎಂದು ಜನ ಕೇಳಿದಾಗ ಪ್ರವಾದಿಯವರು (ಸ) ನೀವು ಬಿಸ್ಮಿಲ್ಲಾಹ್ ಹೇಳಿ ತಿನ್ನಿ ಎಂದರು. ಮೊದಲನೆಯದನ್ನು ಮಾತ್ರ ಹಿಡಿದರೆ ವಸ್‌ವಾಸ್ (ಅತಿಸಂಶಯ), ಎರಡನೆಯದನ್ನು ಮಾತ್ರ ಹಿಡಿದರೆ ಉದಾಸೀನ. ಸಂದೇಹಕ್ಕೆ ನಿಜವಾದ ಕಾರಣವಿದ್ದಾಗ, ಅಂದರೆ ಗುರುತಿಲ್ಲದ ವಿದೇಶಿ ಕೇಕಿನಲ್ಲಿ 471 ಕಂಡಾಗ, ವಿಚಾರಿಸಬೇಕು. ಹಸಿರು ಚುಕ್ಕೆಯ ಉಪ್ಪಿನಕಾಯಿಯಲ್ಲಿ 211 ಕಂಡರೆ ಊಟ ನಿಲ್ಲಿಸಬೇಕಾಗಿಲ್ಲ.

ಪ್ರಮಾಣಪತ್ರ, ಇಲ್ಲದಿದ್ದರೆ ಒಂದು ಪತ್ರ

471ರ ಮೂಲವನ್ನು ಕಾಗದದಲ್ಲೇ ಹಿಡಿಯಬೇಕಾದ್ದರಿಂದ ಹಲಾಲ್ ಪ್ರಮಾಣಪತ್ರಕ್ಕೆ ಬೆಲೆ ಬಂದಿದೆ. ಕೋಡೆಕ್ಸ್ 1997ರಲ್ಲೇ ‘ಹಲಾಲ್’ ಪದ ಬಳಕೆಗೆ ಮಾರ್ಗಸೂಚಿ ಮಾಡಿ, ನಿಷಿದ್ಧ ಮೂಲದ ಸೇರಿಕೆಗಳೂ ನಿಷಿದ್ಧವೇ ಎಂದು ಬರೆದಿದೆ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆ ಎಣ್ಣೆಯಿಂದ ಎಮಲ್ಸಿಫೈಯರ್ ಮಾಡುವ ಅನೇಕ ಕಾರ್ಖಾನೆಗಳು ಪ್ರಮಾಣಪತ್ರ ಪಡೆದಿರುತ್ತವೆ. ಭಾರತದಲ್ಲಿ ಜಮೀಅತ್ ಉಲಮಾ-ಎ-ಹಿಂದ್ ಹಲಾಲ್ ಟ್ರಸ್ಟ್, ಚೆನ್ನೈನ ಹಲಾಲ್ ಇಂಡಿಯಾ ಮೊದಲಾದವು ಇದನ್ನು ಕೊಡುತ್ತವೆ. ಉತ್ತರ ಪ್ರದೇಶ 2023ರ ನವೆಂಬರಿನಲ್ಲಿ ರಫ್ತು ಬಿಟ್ಟು ಉಳಿದಂತೆ ಹಲಾಲ್ ಪ್ರಮಾಣೀಕೃತ ಮಾಲಿನ ಮಾರಾಟವನ್ನೇ ನಿಷೇಧಿಸಿತು. ಹೀಗಿರುವಾಗ ಲೋಗೋ ಕಾಣದಿದ್ದರೆ ಮಾಲು ಹಲಾಲ್ ಅಲ್ಲ ಎಂದು ತೀರ್ಮಾನಿಸುವಂತಿಲ್ಲ.

ಲೋಗೋ ಇಲ್ಲದಾಗ ಉಳಿಯುವುದು ಪಾಕೀಟಿನ ಮೇಲೆಯೇ ಇರುವ ಗ್ರಾಹಕ ಸೇವೆಯ ವಿಳಾಸ. ‘ಇದು ಹಲಾಲಾ?’ ಎಂದು ಬರೆದರೆ ಬರುವ ಉತ್ತರ ಹೆಚ್ಚಾಗಿ ಅಚ್ಚುಹಾಕಿದ ಎರಡು ಸಾಲು, ಏಕೆಂದರೆ ಫೋನಿನ ಆಚೆಗಿರುವವರಿಗೆ ಫಿಖ್‌ಹ್ ಗೊತ್ತಿಲ್ಲ. ಅವರಿಗೆ ಗೊತ್ತಿರುವುದನ್ನು ಕೇಳಬೇಕು: ಈ ಮಾಲಿನ, ಈ ಬ್ಯಾಚ್ ಸಂಖ್ಯೆಯ 471 ಮತ್ತು 472ರ ಕೊಬ್ಬಿನ ಮೂಲ ಸಸ್ಯವೋ ಪ್ರಾಣಿಯೋ? ಪ್ರಾಣಿಯಾದರೆ ಯಾವುದು? ಪರಿಮಳದ ದ್ರಾವಕ ಯಾವುದು, ಆಲ್ಕೋಹಾಲ್ ಇದ್ದರೆ ಕೊನೆಯ ಆಹಾರದಲ್ಲಿ ಶೇಕಡಾ ಎಷ್ಟು ಉಳಿಯುತ್ತದೆ? ಕಿಣ್ವ, ಜಿಲೆಟಿನ್ ಬಳಸಿದ್ದರೆ ಅದರ ಮೂಲ? ಇದೇ ಯಂತ್ರದಲ್ಲಿ ಹಂದಿಯ ಪದಾರ್ಥವಿರುವ ಮಾಲು ತಯಾರಾಗುತ್ತದೆಯೇ? ಉತ್ತರವನ್ನು ಬರಹದಲ್ಲೇ ಪಡೆದು ತಾರೀಕಿನೊಂದಿಗೆ ಇಟ್ಟುಕೊಳ್ಳಿ, ಕಂಪನಿಗಳು ಪೂರೈಕೆದಾರರನ್ನು ಬದಲಿಸುತ್ತಿರುತ್ತವೆ. ಒಬ್ಬ ಗ್ರಾಹಕನ ಇಮೇಲಿಗೆ ಬಾರದ ಉತ್ತರ ಮಸೀದಿಯ ಜಮಾಅತ್ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದರೆ ಬರಬಹುದು. ಬಂದ ಉತ್ತರವನ್ನು ಜಮಾಅತ್ತಿನ ಆಲಿಮರು ಓದಿ, ಹುಕುಮ್ ಬರೆದು, ವಾಟ್ಸಾಪಿನ ಆ ಹಳೆಯ ಪಟ್ಟಿಯ ಬದಲು ಊರಿನವರಿಗೆ ಹಂಚಬಹುದು.